ಮೇಣ, ಬಣ್ಣ ಮತ್ತು ಊಟದ ಪ್ರಶ್ನೆ

ಚೆನ್ನೈಯ ನಮ್ಮ ಬಳಗ ತಿಂಗಳಿಗೊಮ್ಮೆ, ಎರಡನೆಯ ಭಾನುವಾರದ ಸಂಜೆ, ಯಾರಾದರೊಬ್ಬರ ಮನೆಯಲ್ಲಿ ಸೇರುತ್ತದೆ. ಹತ್ತು ಹನ್ನೆರಡು ಮಂದಿ. ಒಂದು ಪುಸ್ತಕ, ಎರಡು ಸುತ್ತು ಕಾಫಿ, ಕೊನೆಗೆ ಮುಂದಿನ ತಿಂಗಳ ಪುಸ್ತಕ ಯಾವುದೆಂಬ ಚರ್ಚೆ. ಇಷ್ಟೇ ನಮ್ಮ ಕಾರ್ಯಕಲಾಪ. ಮೂರು ವರ್ಷಗಳ ಹಿಂದಿನ ಒಂದು ಮೇ ತಿಂಗಳಿನಲ್ಲಿ ಮಾತ್ರ ಪುಸ್ತಕದ ಮಾತು ಮುಗಿಯುವ ಮೊದಲೇ ಬೇರೊಂದು ಮಾತು ಬಂತು. ಆ ದಿನ ನಾವು ಸೇರಿದ್ದ ಪಶ್ಚಿಮ ಮಾಂಬಲದ ಮನೆಯ ಯಜಮಾನರು ಬ್ಯಾಂಕಿನಲ್ಲಿ ಅಧಿಕಾರಿಗಳು. ನಮ್ಮ ಬಳಗದ ಖಜಾಂಚಿಗಳೂ ಹೌದು. ಅವರ ಮಗಳು ಹನ್ನೆರಡನೆಯ ತರಗತಿ ಮುಗಿಸಿದ್ದಳು. ಗಣಿತದಲ್ಲಿ ಒಳ್ಳೆಯ ಅಂಕ ಬಂದಿತ್ತು. ಹುಡುಗಿಯ ಹಟ ಮಾತ್ರ ಬೇರೆ: ಎಗ್ಮೋರಿನ ಸರ್ಕಾರಿ ಲಲಿತಕಲಾ ಕಾಲೇಜಿಗೆ ಸೇರಬೇಕು, ಚಿತ್ರ ಕಲಿಯಬೇಕು.

“ನೀವೆಲ್ಲ ಹಿರಿಯರಿದ್ದೀರಿ, ಅವಳಿಗೆ ಒಂದು ಮಾತು ಹೇಳಿ ಸಾರ್” ಎಂದರು ತಂದೆ. ನಾವು ಹೇಳಿದೆವು. ಒಬ್ಬರು, ಇಂಜಿನಿಯರಿಂಗ್ ಮುಗಿಸಿ ಆಮೇಲೆ ಚಿತ್ರ ಬಿಡಿಸಬಹುದಲ್ಲ ಎಂದರು. ಇನ್ನೊಬ್ಬರು ವಾಸ್ತುಶಿಲ್ಪ ಓದಿದರೆ ಎರಡೂ ಆದಂತಾಯಿತು ಎಂದರು. ಮತ್ತೊಬ್ಬರು, ಹವ್ಯಾಸವಾಗಿ ಇರುವವರೆಗೆ ಕಲೆ ಚೆಂದ, ಹೊಟ್ಟೆಪಾಡಾದರೆ ಅದರ ಸೊಗಸು ಹೋಗುತ್ತದೆ ಎಂದು ತತ್ತ್ವವನ್ನೇ ಮಂಡಿಸಿದರು. ಅರ್ಧ ಗಂಟೆಯ ಹಿಂದೆ ಇದೇ ಕೋಣೆಯಲ್ಲಿ ಕುಳಿತು, ಸಮಾಜ ಸಾಹಿತ್ಯವನ್ನೂ ಕಲೆಯನ್ನೂ ಕಡೆಗಣಿಸುತ್ತಿದೆ ಎಂದು ನಾವೇ ಮರುಗಿದ್ದೆವು. ಅದು ನಮ್ಮಲ್ಲಿ ಯಾರಿಗೂ ಆಗ ನೆನಪಾಗಲಿಲ್ಲ.

ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಖಾಲಿ ಲೋಟಗಳನ್ನು ತಟ್ಟೆಯಲ್ಲಿ ಜೋಡಿಸುತ್ತ, ವ್ಯಂಗ್ಯವಿಲ್ಲದೆ, ನಿಜಕ್ಕೂ ತಿಳಿಯಬೇಕೆಂಬಂತೆ ಕೇಳಿದಳು: “ಮಾಮ, ಹಾಗಾದರೆ ನೀವು ಪ್ರತಿ ತಿಂಗಳೂ ಓದೋ ಪುಸ್ತಕ ಬರೆದವರೆಲ್ಲ ಊಟಕ್ಕೆ ಏನು ಮಾಡಿದರು?”

ಮೇಷ್ಟರಾಗಿದ್ದರು, ಗುಮಾಸ್ತರಾಗಿದ್ದರು, ಪತ್ರಿಕೆಯಲ್ಲಿದ್ದರು ಎಂದು ನಾವು ಉತ್ತರ ಹೊಂದಿಸಿದೆವು. ಆದರೆ ಅವಳ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ. ಚಿತ್ರಕಾರರ ವಿಷಯದಲ್ಲಂತೂ ನಮಗೆ ಏನೂ ತಿಳಿದಿರಲಿಲ್ಲ. ಆಗ ನಮ್ಮಲ್ಲಿ ಅತ್ಯಂತ ಹಿರಿಯರು, ಗ್ರಂಥಪಾಲಕರಾಗಿ ನಿವೃತ್ತರಾದವರು, ಅದುವರೆಗೆ ಸುಮ್ಮನಿದ್ದವರು, ಬಾಯಿ ತೆರೆದರು. “ಈ ಪ್ರಶ್ನೆಯನ್ನು ಅದೇ ಕಾಲೇಜಿನ ಹುಡುಗರು ಅರವತ್ತರ ದಶಕದಲ್ಲಿ ಕೇಳಿಕೊಂಡಿದ್ದರು. ಉತ್ತರ ಹುಡುಕಿ ಒಂದು ಊರನ್ನೇ ಕಟ್ಟಿದರು. ಇಲ್ಲಿಂದ ಒಂದು ಗಂಟೆಯ ದಾರಿ. ಮುಂದಿನ ತಿಂಗಳು ಪುಸ್ತಕ ಬೇಡ, ಅಲ್ಲಿಗೇ ಹೋಗೋಣ.”

ಹೀಗೆ ಜೂನ್ ತಿಂಗಳ ಎರಡನೆಯ ಭಾನುವಾರ, ಒಂದು ವ್ಯಾನು ಗೊತ್ತುಮಾಡಿಕೊಂಡು, ಚಿತ್ರಾನ್ನದ ಡಬ್ಬಿಗಳೊಡನೆ ಹೊರಟೆವು. ಹಿರಿಯರು ದಾರಿಯನ್ನೂ ತಾವೇ ನಿಶ್ಚಯಿಸಿದ್ದರು. ಮೊದಲು ಕಾಲೇಜು, ಆಮೇಲೆ ಮರೀನಾ, ಕೊನೆಗೆ ಚೋಳಮಂಡಲ.

ಪೂನಮಲ್ಲಿ ಹೈರೋಡಿನ ಆ ಕಾಲೇಜಿನ ಮುಂದೆ ನಾವೆಲ್ಲ ನೂರಾರು ಬಾರಿ ಹಾದುಹೋಗಿದ್ದೆವು. ಎಗ್ಮೋರ್ ನಿಲ್ದಾಣದಲ್ಲಿ ಊರಿನಿಂದ ಬಂದವರನ್ನು ಇಳಿಸಿಕೊಳ್ಳುವ ಅವಸರದಲ್ಲಿ ಅದರ ಕೆಂಪು ಕಟ್ಟಡವನ್ನು ನಿಂತು ನೋಡಿದವರಿಲ್ಲ. ಅಂದು ಭಾನುವಾರ, ಒಳಗೆ ತರಗತಿಗಳಿರಲಿಲ್ಲ. ಗೇಟಿನ ಆಚೆ ಮರಗಳ ನೆರಳಿನಲ್ಲಿ ಅರೆಬರೆ ಶಿಲ್ಪಗಳು ಕಾಣುತ್ತಿದ್ದವು. ಹಿರಿಯರು ಅಲ್ಲಿಯೇ ನಿಂತು ಇತಿಹಾಸ ಹೇಳಿದರು. 1850ರಲ್ಲಿ ಅಲೆಕ್ಸಾಂಡರ್ ಹಂಟರ್ ಎಂಬ ವೈದ್ಯರು ಖಾಸಗಿಯಾಗಿ ತೆರೆದ ಶಾಲೆ ಇದು. ಕೆಲವೇ ವರ್ಷಗಳಲ್ಲಿ ಸರ್ಕಾರದ ಕೈಗೆ ಬಂತು. ಮುಂಬಯಿಯ ಜೆ.ಜೆ. ಕಲಾಶಾಲೆಗಿಂತ ಏಳು ವರ್ಷ ಹಿರಿದು. ಆದರೆ ಅಂದು ಇಲ್ಲಿ ಕಲಾವಿದರನ್ನು ತಯಾರಿಸುವ ಉದ್ದೇಶ ಯಾರಿಗೂ ಇರಲಿಲ್ಲ. ಮಡಕೆ, ಮರಗೆಲಸ, ಲೋಹದ ಕೆಲಸ, ಅಚ್ಚಿನ ಕೆಲಸ ಇಂಥವನ್ನು ಕಲಿಸುವ ಔದ್ಯೋಗಿಕ ಕಲೆಗಳ ಶಾಲೆ. ಸೆನೆಟ್ ಹೌಸ್ ಕಟ್ಟಿದ ವಾಸ್ತುಶಿಲ್ಪಿ ಚಿಸೋಮ್ ಇದರ ಮುಖ್ಯಸ್ಥರಾಗಿದ್ದರು. ಮುಂದೆ ಕಲ್ಕತ್ತೆಗೆ ಹೋಗಿ ಅವನೀಂದ್ರನಾಥ ಠಾಕೂರರ ಜೊತೆ ಸೇರಿ ಭಾರತೀಯ ಚಿತ್ರಕಲೆಯ ದಿಕ್ಕನ್ನು ತಿರುಗಿಸಿದ ಇ.ಬಿ. ಹ್ಯಾವೆಲ್ ಕೂಡ ಅದಕ್ಕೆ ಮೊದಲು ಇಲ್ಲಿದ್ದವರೇ. ಈ ಕೈಕೆಲಸದ ಮೂಲವನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ ಎಂದು ಹಿರಿಯರು ಹುಡುಗಿಗೆ ಹೇಳಿದರು.

ಮರೀನಾದಲ್ಲಿ ವ್ಯಾನು ನಿಂತದ್ದು ಶ್ರಮದ ವಿಜಯ ಎಂಬ ಪ್ರತಿಮೆಯ ಮುಂದೆ. ನಾಲ್ವರು ಕಾರ್ಮಿಕರು ದೊಡ್ಡ ಬಂಡೆಯೊಂದನ್ನು ಮೈಯ ಬಲವನ್ನೆಲ್ಲ ಹಾಕಿ ಸರಿಸುತ್ತಿರುವ ದೃಶ್ಯ. ಕಡಲೆಕಾಯಿ ತಿನ್ನುತ್ತ ಇದರ ಸುತ್ತ ತಿರುಗಿದವರು ನಾವು, ಮಾಡಿದವರಾರೆಂದು ಕೇಳಿರಲಿಲ್ಲ. ಅವರು ದೇವಿಪ್ರಸಾದ್ ರಾಯ್ ಚೌಧುರಿ, ಬಂಗಾಳದಿಂದ ಬಂದು 1957ರವರೆಗೆ ಸುಮಾರು ಮೂರು ದಶಕ ಆ ಕಾಲೇಜನ್ನು ನಡೆಸಿದವರು, ಅದರ ಮೊದಲ ಭಾರತೀಯ ಮುಖ್ಯಸ್ಥರು. ಪ್ರತಿಮೆ ಇಲ್ಲಿ ನೆಲೆಗೊಂಡದ್ದು 1959ರಲ್ಲಿ. ಆ ಕಾರ್ಮಿಕರಿಗೆ ರೂಪದರ್ಶಿಯಾಗಿ ನಿಂತವರಲ್ಲಿ ಕಾಲೇಜಿನ ಕಾವಲುಗಾರರೂ ಇದ್ದರಂತೆ. ನಮಗೆ ಈ ಸಂಗತಿ ತುಂಬ ಹಿಡಿಸಿತು. ಗೇಟು ಕಾಯುವವನೂ ಒಳಗಿನ ಕೆಲಸದ ಭಾಗವಾಗುವ ಶಾಲೆ ಅದಾಗಿತ್ತು.

ರಾಯ್ ಚೌಧುರಿಯವರ ಶಿಷ್ಯರಲ್ಲಿ ಒಬ್ಬರು ಕೆ.ಸಿ.ಎಸ್. ಪಣಿಕ್ಕರ್. 1911ರಲ್ಲಿ ಕೊಯಮತ್ತೂರಿನಲ್ಲಿ ಹುಟ್ಟಿದ ಮಲೆಯಾಳಿ. ಅದೇ ಶಾಲೆಯಲ್ಲಿ ಕಲಿತು, ಅಲ್ಲಿಯೇ ಅಧ್ಯಾಪಕರಾಗಿ, 1957ರಲ್ಲಿ ಗುರುಗಳ ಕುರ್ಚಿಗೆ ಬಂದರು. ಅದಕ್ಕೆ ಮೊದಲೇ, 1944ರಲ್ಲಿ, ಪ್ರೊಗ್ರೆಸಿವ್ ಪೇಂಟರ್ಸ್ ಅಸೋಸಿಯೇಶನ್ ಎಂಬ ಸಂಘ ಕಟ್ಟಿಕೊಂಡಿದ್ದರು. ಅವರ ಕಾಲದಲ್ಲಿ ಆ ಕಾಲೇಜಿನಲ್ಲಿ ತಮಿಳು, ಮಲೆಯಾಳ, ತೆಲುಗು, ಕನ್ನಡ ಎಲ್ಲ ನುಡಿಗಳ ಹುಡುಗರೂ ಇದ್ದರು. ಹಳೆಯ ಮದ್ರಾಸು ಪ್ರಾಂತ್ಯ ಒಡೆದು ಭಾಷಾವಾರು ರಾಜ್ಯಗಳಾಗಿ ಹೋದ ಮೇಲೂ ಆ ಒಂದು ಆವರಣದಲ್ಲಿ ದಕ್ಷಿಣ ದೇಶ ಒಟ್ಟಿಗೇ ಉಳಿದಿತ್ತು. ಇಂದು ಕಲಾ ಇತಿಹಾಸದಲ್ಲಿ ಮದ್ರಾಸ್ ಚಳವಳಿ ಎಂದು ಯಾವುದನ್ನು ಕರೆಯುತ್ತಾರೋ ಅದು ಹುಟ್ಟಿದ್ದು ಹೀಗೆ, ಊರು ಬಿಟ್ಟು ಬಂದವರು ಬಹಳ ಮಂದಿ ಇದ್ದ ಒಂದು ಗುಂಪಿನಲ್ಲಿ.

ಪಣಿಕ್ಕರ್ ಅವರನ್ನು ಕಾಡಿದ್ದು ನಮ್ಮ ಹುಡುಗಿಯ ಪ್ರಶ್ನೆಯೇ. ಒಳ್ಳೆಯ ಕೈಯಿರುವ ಹುಡುಗರು ಐದಾರು ವರ್ಷ ಕಲಿತು ಹೊರಗೆ ಹೋಗುತ್ತಾರೆ. ಹೋದವರು ಎಲ್ಲಿಯೋ ಡ್ರಾಯಿಂಗ್ ಮೇಷ್ಟರಾಗುತ್ತಾರೆ, ಜಾಹೀರಾತಿಗೋ ಬಟ್ಟೆಯ ನಮೂನೆಗೋ ಸೇರಿಕೊಳ್ಳುತ್ತಾರೆ. ಕೆಲವು ವರ್ಷಗಳಲ್ಲಿ ಕುಂಚ ಒಣಗುತ್ತದೆ. ಮುಂಬಯಿ, ದೆಹಲಿಗಳಲ್ಲಿ ಆಗಲೇ ಗ್ಯಾಲರಿಗಳಿದ್ದವು, ಕೊಳ್ಳುವವರಿದ್ದರು. ಮದ್ರಾಸಿನಲ್ಲಿ ಆಧುನಿಕ ಚಿತ್ರವನ್ನು ಗೋಡೆಗೆ ತೂಗುಹಾಕುವ ಮನೆಗಳೇ ವಿರಳ. ಕಲಿಸಿದ ಗುರುವಿಗೆ ಶಿಷ್ಯರ ಚಿತ್ರಗಳಿಗಿಂತ ಹೆಚ್ಚಾಗಿ ಅವರ ಮೌನ ಭಾರವಾಗಿ ಕಂಡಿರಬೇಕು.

ದಾರಿ ಅವರಿಗೆ ಸಿಕ್ಕಿದ್ದು ಆ ಶಾಲೆಯ ಹಳೆಯ ಕೈಕೆಲಸದಲ್ಲಿಯೇ. ಬಾಟಿಕ್ ಎಂಬ ಬಟ್ಟೆಯ ಕಲೆಯಿದೆಯಷ್ಟೆ. ಕಾಯಿಸಿದ ಮೇಣವನ್ನು ಬಟ್ಟೆಯ ಮೇಲೆ ಬೇಕಾದಲ್ಲಿ ಬರೆಯಬೇಕು. ಆಮೇಲೆ ಬಣ್ಣದ ತೊಟ್ಟಿಯಲ್ಲಿ ಅದ್ದಬೇಕು. ಮೇಣವಿದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಒಣಗಿದ ಮೇಲೆ ಮತ್ತೆ ಮೇಣ, ಮತ್ತೆ ಇನ್ನೂ ಗಾಢವಾದ ಬಣ್ಣ. ಕೊನೆಗೆ ಬಿಸಿನೀರಿನಲ್ಲಿ ಮೇಣವನ್ನೆಲ್ಲ ಬಿಡಿಸಬೇಕು. ಮೇಣ ಬಿರುಕುಬಿಟ್ಟ ಕಡೆ ಬಣ್ಣ ನುಸುಳಿ ಎಲೆಯ ನರಗಳಂಥ ಗೆರೆಗಳು ಮೂಡುತ್ತವೆ. ಅದನ್ನು ಮುಂದಾಗಿ ಯಾರೂ ಲೆಕ್ಕ ಹಾಕಲಾರರು. ಪಣಿಕ್ಕರ್ ಮತ್ತು ಅವರ ಶಿಷ್ಯರು ಆರ್ಟಿಸ್ಟ್ಸ್ ಹ್ಯಾಂಡಿಕ್ರಾಫ್ಟ್ಸ್ ಅಸೋಸಿಯೇಶನ್ ಎಂಬ ಸಂಘ ಮಾಡಿಕೊಂಡು ಬಾಟಿಕ್ ಮೊದಲಾದ ಕರಕುಶಲ ವಸ್ತುಗಳನ್ನು ಮಾಡಿ ಮಾರಿದರು. ಚಿತ್ರ ಕೊಳ್ಳದ ಜನ ಬಟ್ಟೆಯನ್ನು ಕೊಂಡರು. ಕೂಡಿದ ಆ ಹಣದಿಂದ 1966ರಲ್ಲಿ, ನಗರದ ದಕ್ಷಿಣಕ್ಕೆ ಕಡಲ ದಂಡೆಯ ಇಂಜಂಬಾಕ್ಕಂ ಎಂಬ ಹಳ್ಳಿಯ ಬಳಿ, ಎಂಟು ಹತ್ತು ಎಕರೆ ಮರಳು ನೆಲವನ್ನು ಕೊಂಡರು. ಕೋರಮಂಡಲ ಎಂಬ ಪರಂಗಿ ಉಚ್ಚಾರದ ಹಿಂದಿರುವ ಹಳೆಯ ಹೆಸರನ್ನೇ ಊರಿಗೆ ಇಟ್ಟರು: ಚೋಳಮಂಡಲ.

ಇವನ್ನೆಲ್ಲ ಕೇಳುತ್ತ ಅಡ್ಯಾರು, ತಿರುವಾನ್ಮಿಯೂರು ದಾಟಿ ಈಸ್ಟ್ ಕೋಸ್ಟ್ ರೋಡಿಗೆ ಬಂದೆವು. ಎರಡೂ ಕಡೆ ಬಂಗಲೆಗಳು, ಹೋಟೆಲುಗಳು, ಕಾರಿನ ಅಂಗಡಿಗಳು. ಅರವತ್ತರ ದಶಕದಲ್ಲಿ ಇಲ್ಲಿ ಗಾಳಿಮರದ ತೋಪುಗಳಿದ್ದವು. ಈ ಹೆದ್ದಾರಿ ಇರಲಿಲ್ಲ. ಮೊದಮೊದಲು ಆ ಗುಡಿಸಲುಗಳಿಗೆ ವಿದ್ಯುತ್ತೂ ಇರಲಿಲ್ಲ. ಕಾಲೇಜು ಮುಗಿಸಿದ ಇಪ್ಪತ್ತೈದರ ಹುಡುಗರು ಅಂಥ ಮರಳಿಗೆ ಬಂದು ನೆಲೆನಿಂತರೆಂದರೆ ಅವರ ತಂದೆತಾಯಂದಿರ ಮನೆಗಳಲ್ಲಿ ಎಂಥ ಮಾತುಗಳು ನಡೆದಿರಬಹುದು ಎಂದು ನಮ್ಮಲ್ಲೊಬ್ಬರು ಅಂದರು. ಖಜಾಂಚಿಗಳು ಕಿಟಕಿಯ ಹೊರಗೆ ನೋಡುತ್ತಿದ್ದರು.

ಒಳಗೆ ಕಾಲಿಟ್ಟರೆ ರಸ್ತೆಯ ಗದ್ದಲ ಹಿಂದೆ ಉಳಿಯುತ್ತದೆ. ಮರಗಳ ನಡುವೆ ಕಲ್ಲಿನ, ಲೋಹದ ಶಿಲ್ಪಗಳು. ಆಚೆ ಕಲಾವಿದರ ಮನೆಗಳು. ಒಂದೊಂದು ಮನೆ ಒಂದೊಂದು ರೀತಿ. 2009ರಲ್ಲಿ ತೆರೆದ ವಸ್ತುಸಂಗ್ರಹಾಲಯದಲ್ಲಿ ಆ ಚಳವಳಿಯ ಕೃತಿಗಳೆಲ್ಲ ಒಂದೆಡೆ ಇವೆ. ಪಣಿಕ್ಕರ್ ಅವರ ‘ಪದಗಳು ಮತ್ತು ಸಂಕೇತಗಳು’ ಮಾಲೆಯ ಚಿತ್ರಗಳ ಮುಂದೆ ನಾವು ಬಹಳ ಹೊತ್ತು ನಿಂತೆವು. ಮಲೆಯಾಳದ ಅಕ್ಷರಗಳಂತೆ ಕಾಣುವ, ಆದರೆ ಓದಲು ಬಾರದ ಸಾಲುಗಳು. ಜಾತಕದ ಕುಂಡಲಿಯಂಥ ಮನೆಗಳು. ನಡುನಡುವೆ ಹಾವು, ಹಕ್ಕಿ. ಓದುವ ಬಳಗದವರಾದ ನಮಗೆ ಅಭ್ಯಾಸಬಲದಿಂದ ಓದುವ ಆಸೆಯಾಯಿತು. “ಓದಬೇಡಿ ಮಾಮ, ನೋಡಿ” ಎಂದಳು ಹುಡುಗಿ.

ಆ ಗೋಡೆಗಳ ಮೇಲಿನ ಹೆಸರುಗಳು ಒಂದು ಕಾಲೇಜಿನ ಹಾಜರಿಪುಸ್ತಕದಂತೆ ಇದ್ದವು. ಸುಲ್ತಾನ್ ಅಲಿ, ಸೇನಾಧಿಪತಿ, ಗೋಪಿನಾಥ್, ಹರಿದಾಸನ್, ಜಯಪಾಲ ಪಣಿಕ್ಕರ್, ಡಗ್ಲಸ್. ಲೋಹವನ್ನು ಬೆಸೆದು ಶಿಲ್ಪ ಮಾಡಿದ, ಪಣಿಕ್ಕರ್ ಅವರ ಮಗ ನಂದಗೋಪಾಲ್. ವಿಶ್ವನಾಧನ್ ಮತ್ತು ಅಕ್ಕಿತ್ತಂ ನಾರಾಯಣನ್ ಅರವತ್ತರ ದಶಕದ ಕೊನೆಗೆ ಪ್ಯಾರಿಸಿಗೆ ಹೋಗಿ ಅಲ್ಲಿಯೇ ನೆಲೆಸಿ ಹೆಸರು ಮಾಡಿದರು. ಇವರ ಪ್ರಶಸ್ತಿಗಳ ಪಟ್ಟಿ ಕೊಡಲು ಹೊರಟರೆ ಈ ಬರಹ ಸಾಲದು. ಆದರೆ ನಮಗೆ ಅಂದು ದೊಡ್ಡದಾಗಿ ಕಂಡ ಸಾಧನೆ ಬೇರೆ. ಇವರಲ್ಲಿ ಬಹುಮಂದಿ ಚಿತ್ರ ಬಿಡಿಸುವುದನ್ನು ನಿಲ್ಲಿಸಲೇ ಇಲ್ಲ. ಸಹಪಾಠಿಗಳು ನೆರೆಮನೆಯವರಾದರು, ದಿನದ ಒಂದು ಪಾಲು ಬಾಟಿಕ್‌ಗೆ, ಲೋಹದ ಚಿಕ್ಕಪುಟ್ಟ ವಸ್ತುಗಳಿಗೆ, ಉಳಿದ ಪಾಲು ತಮ್ಮದೇ ಚಿತ್ರಕ್ಕೆ. ಮಾರುವುದಕ್ಕಾಗಿ ಮಾಡುವ ಕೆಲಸ ಬೇರೆಯಾಗಿ ಇದ್ದುದರಿಂದ ಚಿತ್ರ ಯಾರನ್ನೂ ಓಲೈಸಬೇಕಾಗಿರಲಿಲ್ಲ. ಹವ್ಯಾಸವಾದರೆ ಚೆಂದ, ಹೊಟ್ಟೆಪಾಡಾದರೆ ಸೊಗಸು ಹೋಗುತ್ತದೆ ಎಂದು ಮೇ ತಿಂಗಳಲ್ಲಿ ತತ್ತ್ವ ಹೇಳಿದ್ದ ನಮ್ಮ ಮಿತ್ರರು ಇಲ್ಲಿ ಸ್ವಲ್ಪ ಮೆತ್ತಗಾದರು. ಹವ್ಯಾಸ, ಹೊಟ್ಟೆಪಾಡು ಎರಡನ್ನೂ ಬಿಟ್ಟು ಮೂರನೆಯದೊಂದು ದಾರಿಯನ್ನು ಈ ಹುಡುಗರು ಕೈಯಾರೆ ಮಾಡಿಕೊಂಡಿದ್ದರು.

ಆ ಹೆಸರುಗಳ ನಡುವೆ ಒಂದು ನಮ್ಮದೇ ಹೆಸರು. ಎಸ್.ಜಿ. ವಾಸುದೇವ್, 1941ರಲ್ಲಿ ಮೈಸೂರಿನಲ್ಲಿ ಹುಟ್ಟಿದವರು. 1960ರಲ್ಲಿ ಮದ್ರಾಸಿನ ಈ ಕಾಲೇಜಿಗೆ ಬಂದರು; ಚೋಳಮಂಡಲದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದರು. ಅದೇ ಕಾಲೇಜಿನಲ್ಲಿ ಕಲಿತ ಅರ್ನವಾಜ್ ಅವರನ್ನು ಮದುವೆಯಾಗಿ ಇಲ್ಲಿಯೇ ಸಂಸಾರ ಹೂಡಿದರು. ಅರ್ನವಾಜ್ ಕೂಡ ಈ ಊರಿನ ಮುಖ್ಯ ಕಲಾವಿದರು, 1988ರಲ್ಲಿ ತೀರಿಕೊಂಡರು. ಆ ವರ್ಷ ವಾಸುದೇವ್ ಬೆಂಗಳೂರಿಗೆ ಮರಳಿದರು. ಅಂದರೆ ಇಪ್ಪತ್ತೆಂಟು ವರ್ಷ ಅವರು ನಮ್ಮಂತೆಯೇ ಈ ಊರಿನ ಕನ್ನಡಿಗರು.

ಆ ವರ್ಷಗಳಲ್ಲಿ ನಡೆದದ್ದನ್ನು ಓದುಗರಾದ ನಾವು ಬಲ್ಲೆವು. ಎಲ್ಲಿ ನಡೆಯಿತೆಂಬುದನ್ನು ಮಾತ್ರ ಮರೆತಿದ್ದೆವು. ಗಿರೀಶ ಕಾರ್ನಾಡರು 1963ರಿಂದ 1970ರವರೆಗೆ ಮದ್ರಾಸಿನಲ್ಲಿ ಆಕ್ಸ್‌ಫರ್ಡ್ ಯೂನಿವರ್ಸಿಟಿ ಪ್ರೆಸ್ಸಿನಲ್ಲಿದ್ದರು. ಅಂದರೆ ‘ತುಘಲಕ್’ ಪ್ರಕಟವಾದಾಗ ನಾಟಕಕಾರರು ಇದೇ ಊರಿನ ನೌಕರದಾರರು. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಚಲನಚಿತ್ರವಾಗಿಸುವ ಸಾಹಸದಲ್ಲಿ ಮದ್ರಾಸಿನ ರಂಗಾಸಕ್ತ ಗೆಳೆಯರ ಪಾತ್ರ ದೊಡ್ಡದು. ಪಟ್ಟಾಭಿರಾಮ ರೆಡ್ಡಿಯವರ ನಿರ್ದೇಶನ, ಕಾರ್ನಾಡರ ಚಿತ್ರಕಥೆ, ಕಲಾನಿರ್ದೇಶನ ಎಸ್.ಜಿ. ವಾಸುದೇವ್ ಅವರದು. 1970ರ ಆ ಚಿತ್ರ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಪ್ರಶಸ್ತಿಯನ್ನು ಕನ್ನಡಕ್ಕೆ ಮೊದಲ ಬಾರಿ ತಂದಿತು. ಮಲೆನಾಡಿನ ಅಗ್ರಹಾರವೊಂದು ತೆರೆಯ ಮೇಲೆ ಮೂಡಿದ್ದರ ಹಿಂದೆ ಚೋಳಮಂಡಲದ ಮರಳಿನಲ್ಲಿ ವಾಸವಾಗಿದ್ದ ಕೈಗಳಿದ್ದವು. ವಾಸುದೇವ್ ಅವರ ಹೆಸರಾಂತ ‘ವೃಕ್ಷ’ ಮಾಲೆಗೆ ಬೇಂದ್ರೆಯವರ ಕವಿತೆಯ ಪ್ರೇರಣೆಯಿದೆ ಎಂಬುದನ್ನೂ ಹಿರಿಯರು ಹೇಳಿದರು. ಧಾರವಾಡದ ಕವಿ, ಮೈಸೂರಿನ ಚಿತ್ರಕಾರ, ಕೋರಮಂಡಲದ ದಂಡೆ! ಹೊರನಾಡಿನಲ್ಲಿ ಕನ್ನಡ ಉಳಿಯುವುದೆಂದರೆ ರಾಜ್ಯೋತ್ಸವದ ಭಾಷಣ ಎಂದೇ ತಿಳಿದಿದ್ದ ನಮಗೆ ಇದು ಬೇರೊಂದು ಲೆಕ್ಕವನ್ನು ತೋರಿಸಿತು.

ಮಧ್ಯಾಹ್ನ ಮರದ ನೆರಳಿನಲ್ಲಿ ಚಿತ್ರಾನ್ನದ ಡಬ್ಬಿ ತೆರೆದಾಗ ಖಜಾಂಚಿಗಳು ಮೊದಲ ಬಾರಿಗೆ ಬಾಯಿಬಿಟ್ಟರು. “ಇಲ್ಲಿ ಗೋಡೆ ಮೇಲಿರೋದು ಗೆದ್ದವರ ಹೆಸರು ಸಾರ್. ಸೋತವರು?” ಎಂದರು. ಪ್ರಶ್ನೆ ನ್ಯಾಯವಾದದ್ದು. ಹಿರಿಯರು ಮರೆಮಾಚಲಿಲ್ಲ. ಕೆ. ರಾಮಾನುಜಂ ಎಂಬ ಹುಡುಗನ ಕಥೆ ಹೇಳಿದರು. ಅವನೂ 1941ರಲ್ಲಿ ಹುಟ್ಟಿದವನು, ಇದೇ ಕಾಲೇಜಿನಲ್ಲಿ ಕಲಿತವನು. ಮಾತು ತೊದಲು, ಮನಸ್ಸಿನ ಕಾಯಿಲೆಯೂ ಇತ್ತು. ಕಪ್ಪು ಶಾಯಿಯ ಸಣ್ಣ ಸಣ್ಣ ಗೆರೆಗಳಿಂದ ಅರಮನೆಗಳು, ವಿಚಿತ್ರ ಪ್ರಾಣಿಗಳು, ಅವುಗಳ ನಡುವೆ ಟೋಪಿ ಹಾಕಿದ ತಾನು, ಹೀಗೆ ಒಂದು ಕನಸಿನ ಲೋಕವನ್ನೇ ಬಿಡಿಸುತ್ತಿದ್ದ. ಪಣಿಕ್ಕರ್ ಅವನ ಕೈಯನ್ನು ಗುರುತಿಸಿದ್ದರು. ಊರು ಅವನಿಗೆ ನೆಲೆ ಕೊಟ್ಟಿತ್ತು. ಆದರೂ 1973ರಲ್ಲಿ ಅವನು ಇಲ್ಲಿಯೇ ತನ್ನ ಜೀವವನ್ನು ತಾನೇ ತೆಗೆದುಕೊಂಡ. ವಯಸ್ಸು ಮೂವತ್ತರ ಆಚೀಚೆ.

ಆ ಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಬಳಗ ಎಂಬುದು ಎಲ್ಲರನ್ನೂ ಉಳಿಸಿಕೊಳ್ಳಬಲ್ಲದು ಎಂದು ನಂಬಲು ನಮಗೂ ಇಷ್ಟ, ಅದು ನಿಜವಲ್ಲ. ಆದರೆ ಆ ಹುಡುಗನ ಚಿತ್ರಗಳು ಇಂದು ನಮ್ಮ ಕಣ್ಣೆದುರಿಗೆ ಇದ್ದರೆ, ಅವನಿಗೆ ಒಂದು ಕೋಣೆ, ಒಂದಿಷ್ಟು ಕಾಗದ, ಅವನ ಚಿತ್ರ ಅರ್ಥವಾಗುವ ಕೆಲವು ನೆರೆಯವರು ಕೆಲವು ವರ್ಷವಾದರೂ ಸಿಕ್ಕಿದ್ದರು ಎಂಬುದೂ ಅದಕ್ಕೆ ಕಾರಣ. ಎರಡೂ ಮಾತು ನಿಜ. ಒಂದು ಮತ್ತೊಂದನ್ನು ಅಳಿಸುವುದಿಲ್ಲ. ಹುಡುಗಿಯ ತಾಯಿ ಮಗಳ ತಟ್ಟೆಗೆ ಇನ್ನಷ್ಟು ಚಿತ್ರಾನ್ನ ಹಾಕಿದರು. ತಂದೆ ಏನೂ ಹೇಳಲಿಲ್ಲ.

ಹಿಂದಿರುಗುವ ದಾರಿಯಲ್ಲಿ ನಮಗೆ ನಮ್ಮದೇ ಬಳಗದ ಲೆಕ್ಕ ನೆನಪಾಯಿತು. ಪ್ರತಿ ಯುಗಾದಿಗೆ ನಾವೊಂದು ಕೈಬರಹದ ಸಂಚಿಕೆ ತರುತ್ತೇವೆ. ಅದರ ಮುಖಪುಟ, ಒಳಗಿನ ರೇಖಾಚಿತ್ರಗಳು ನಾಲ್ಕು ವರ್ಷಗಳಿಂದ ಇದೇ ಹುಡುಗಿಯವು. ಅವಳಿಗೆ ನಾವು ಕೊಟ್ಟದ್ದೇನು? ಚಪ್ಪಾಳೆ, ಒಂದು ಶಾಲು, “ಕನ್ನಡದ ಸೇವೆ” ಎಂಬ ಮಾತು. ಮೈಕಿನವನಿಗೆ, ವ್ಯಾನಿನವನಿಗೆ, ಊಟದವನಿಗೆ ತಪ್ಪದೆ ಹಣ ಕೊಟ್ಟಿದ್ದೆವು. ಚಿತ್ರಕ್ಕೆ ಬೆಲೆ ಕಟ್ಟಬಾರದೆಂಬ ಗೌರವದಿಂದ ಅದಕ್ಕೆ ಬೆಲೆಯನ್ನೇ ಕೊಡದೆ ಉಳಿದಿದ್ದೆವು. ಕಲೆಯಿಂದ ಹೊಟ್ಟೆ ತುಂಬುವುದಿಲ್ಲ ಎಂದು ಅವಳಿಗೆ ಹೇಳಿದವರು ಯಾರು? ತುಂಬದಂತೆ ನೋಡಿಕೊಂಡವರೇ. ಇದನ್ನು ನಮ್ಮಲ್ಲೊಬ್ಬರು ವ್ಯಾನಿನಲ್ಲಿ ಬಾಯಿಬಿಟ್ಟು ಹೇಳಿದರು. ಯಾರೂ ಎದುರಾಡಲಿಲ್ಲ.

ಮುಂದಿನ ಸಭೆಯಲ್ಲಿ ಒಂದು ಸಣ್ಣ ನಿರ್ಣಯವಾಯಿತು: ಸಂಚಿಕೆಯ ಮುಖಪುಟಕ್ಕೆ ಒಂದು ಸಾವಿರ ರೂಪಾಯಿ, ಒಳಗಿನ ಪ್ರತಿ ಚಿತ್ರಕ್ಕೆ ಇನ್ನೂರು. ಖಜಾಂಚಿಗಳು ಆಕ್ಷೇಪಿಸಿದರು. ತಮ್ಮ ಮಗಳಿಗೆ ತಮ್ಮ ಕೈಯಿಂದ ಬಳಗದ ಹಣ ಕೊಡುವುದು ಸರಿಯಲ್ಲ ಎಂಬುದು ಅವರ ವಾದ. ಹಾಗಾದರೆ ಚೆಕ್ಕಿಗೆ ಹಿರಿಯರು ಸಹಿ ಹಾಕಲಿ ಎಂದು ತೀರ್ಮಾನವಾಯಿತು. ಮೊತ್ತ ದೊಡ್ಡದೇನಲ್ಲ. ಆದರೆ ಆ ಚೆಕ್ಕನ್ನು ಹುಡುಗಿ ಎರಡು ಕೈಯಲ್ಲೂ ಹಿಡಿದುಕೊಂಡು ನೋಡಿದ ರೀತಿಗೆ, ನಾವು ಹೊದಿಸಿದ್ದ ಶಾಲುಗಳೆಲ್ಲ ನಾಚಬೇಕು. ಆ ವರ್ಷವೇ ಅವಳು ಪ್ರವೇಶದ ಚಿತ್ರಪರೀಕ್ಷೆ ಬರೆದು ಕಾಲೇಜಿಗೆ ಸೇರಿದಳು. ತಂದೆ ಒಪ್ಪಿದರೆನ್ನುವುದಕ್ಕಿಂತ, ಬೇಡವೆನ್ನುವುದನ್ನು ನಿಲ್ಲಿಸಿದರು ಎನ್ನುವುದು ಸರಿ.

ಈಗ ಅವಳು ಮೂರನೆಯ ವರ್ಷದಲ್ಲಿದ್ದಾಳೆ. ಕಾಲೇಜಿನ ಕಥೆಗಳು ನಮ್ಮ ಎರಡನೆಯ ಭಾನುವಾರಗಳಿಗೆ ಬಂದು ಸೇರುತ್ತವೆ. ತಿರುವಣ್ಣಾಮಲೆಯಿಂದ ಬಂದ ಸಹಪಾಠಿ, ಮನೆಯಲ್ಲಿ ತೆಲುಗು ಮಾತಾಡುವ ಇನ್ನೊಬ್ಬಳು, ತಂದೆ ಸೈನ್‌ಬೋರ್ಡ್ ಬರೆಯುತ್ತಿದ್ದ ಮತ್ತೊಬ್ಬ. ಬಣ್ಣದ ಟ್ಯೂಬುಗಳು ದುಬಾರಿ. ಒಬ್ಬರ ಬಳಿ ಮುಗಿದರೆ ಇನ್ನೊಬ್ಬರದರಿಂದ ಒತ್ತಿಕೊಳ್ಳುವುದು ಅವರಲ್ಲಿ ರೂಢಿ. ಮೇಲಿನ ತರಗತಿಯವರು ಕೆಳಗಿನವರಿಗೆ ಮಾದರಿಯಾಗಿ ಕುಳಿತುಕೊಳ್ಳುತ್ತಾರೆ. ಕಲಿತು ಹೊರಗೆ ಹೋದವರು ಆಗಾಗ ಬಂದು ಚಿಕ್ಕಪುಟ್ಟ ಕೆಲಸಗಳ ಸುಳಿವು ಕೊಡುತ್ತಾರೆ: ಒಂದು ಶಾಲೆಯ ಗೋಡೆ, ಒಂದು ನಾಟಕದ ಪರದೆ.

ಹೋದ ವರ್ಷ ನವರಾತ್ರಿಗೆ ಮೊದಲು ನಮ್ಮ ಮನೆಗಳಲ್ಲೊಂದು ಸಮಸ್ಯೆ ಎದ್ದಿತ್ತು. ಗೊಂಬೆ ಕೂರಿಸುವ ಕಾಲ. ಅಜ್ಜಿಯರ ಕಾಲದ ಮಣ್ಣಿನ ಗೊಂಬೆಗಳು, ಮೈಸೂರಿನಿಂದ ಗೋಣಿಚೀಲದಲ್ಲಿ ಹುಲ್ಲು ತುಂಬಿ ತಂದವು, ಬಣ್ಣ ಸುಲಿದು, ಮೂಗು ಮುರಿದು ಅಟ್ಟದಲ್ಲಿ ಕುಳಿತಿದ್ದವು. ಎಸೆಯಲು ಮನಸ್ಸಿಲ್ಲ, ಇಡಲು ನಾಚಿಕೆ. ಹುಡುಗಿ ತನ್ನ ನಾಲ್ವರು ಗೆಳೆಯರನ್ನು ಕರೆತಂದಳು. ಪಶ್ಚಿಮ ಮಾಂಬಲದ ಆ ಮನೆಯ ಮಹಡಿಯ ಮೇಲೆ ಎರಡು ವಾರ ಕೆಲಸ ನಡೆಯಿತು. ಉಜ್ಜುಕಾಗದದಿಂದ ಹಳೆಯ ಬಣ್ಣ ತೆಗೆದು, ಬಿರುಕು ತುಂಬಿ, ಬಿಳಿಯ ತಳ ಹಚ್ಚಿ, ಮೇಲೆ ಬಣ್ಣ. ಕಣ್ಣು ಬರೆಯುವ ಕೆಲಸ ಮಾತ್ರ ಬೆಳಗಿನ ಬೆಳಕಿನಲ್ಲಿ. ಗೊಂಬೆಗಿಷ್ಟು ಎಂದು ದರ ಮೊದಲೇ ನಿಗದಿಯಾಗಿತ್ತು. ನಮ್ಮ ಮನೆಗಳದು ಮುಗಿಯುವಷ್ಟರಲ್ಲಿ ಅಕ್ಕಪಕ್ಕದ ತಮಿಳು ಮನೆಗಳ ಕೊಲು ಗೊಂಬೆಗಳೂ ಮಹಡಿ ಹತ್ತಿದವು. ಬಂದ ಹಣದಲ್ಲಿ ಐವರೂ ಒಂದೊಂದು ಪಾಲು ತೆಗೆದುಕೊಂಡು ಆರನೆಯ ಪಾಲನ್ನು ಸಾಮಾನ್ಯ ನಿಧಿಗೆ ಇಟ್ಟರು. ವರ್ಷದ ಕ್ಯಾನ್ವಾಸು, ಬಣ್ಣ ಅದರಲ್ಲಿ.

ಚೋಳಮಂಡಲವನ್ನು ನೋಡಿ ಕಲಿತದ್ದೇನು ಎಂದು ನಾವು ಕೇಳಿದ್ದಕ್ಕೆ ಅವಳು ನಕ್ಕುಬಿಟ್ಟಳು. ಅದನ್ನು ತಾನು ಯೋಚಿಸಿರಲೇ ಇಲ್ಲವಂತೆ. ಹಣ ಬೇಕಿತ್ತು, ಗೊಂಬೆ ಇದ್ದವು. ಇರಬಹುದು. 1960ರ ದಶಕದ ಆ ಹುಡುಗರೂ ಇತಿಹಾಸ ಮಾಡಬೇಕೆಂದು ಮೇಣ ಕಾಯಿಸಿದವರಲ್ಲ.

ಊಟದ ಪ್ರಶ್ನೆಗೆ ಉತ್ತರ ಸಿಕ್ಕಿತೆಂದು ನಾವು ಹೇಳುವುದಿಲ್ಲ. ಕಾಲೇಜು ಮುಗಿಯಲು ಇನ್ನೊಂದು ವರ್ಷವಿದೆ. ಆ ಮೇಲಿನದು ಯಾರಿಗೂ ಗೊತ್ತಿಲ್ಲ. ಇಂಜಂಬಾಕ್ಕಂನಂಥ ಕಡೆ ಕಡಲ ದಂಡೆಯ ಮರಳು ಕೊಳ್ಳುವುದು ಇಂದು ಯಾವ ಬಾಟಿಕ್ಕಿನ ಹಣಕ್ಕೂ ಸಾಧ್ಯವಿಲ್ಲ. ಆದರೆ ಹೋದ ಭಾನುವಾರ ಸಭೆ ಮುಗಿದ ಮೇಲೆ ಖಜಾಂಚಿಗಳ ಮೇಜಿನ ಮೇಲೆ ನಮ್ಮ ಬಳಗದ ಲೆಕ್ಕದ ಪುಸ್ತಕದ ಪಕ್ಕದಲ್ಲಿ ಇನ್ನೊಂದು ನೀಲಿ ಪುಸ್ತಕ ಕಂಡಿತು. ತೆರೆದು ನೋಡಿದೆವು. ಜಮಾ, ಖರ್ಚು, ಬಾಕಿ. ಬ್ಯಾಂಕಿನವರ ಅಚ್ಚುಕಟ್ಟಾದ ಅಂಕಿಗಳು. ಪಕ್ಕದಲ್ಲಿ ತಮಿಳಿನಲ್ಲಿ, ತೆಲುಗಿನಲ್ಲಿ, ಕನ್ನಡದಲ್ಲಿ ಐವರ ಸಹಿಗಳು.

“ಮಕ್ಕಳಿಗೆ ಲೆಕ್ಕ ಬರೆಯೋಕೆ ಬರೋಲ್ಲ ಸಾರ್, ಅದಕ್ಕೇ” ಎಂದರು ಅವರು, ಸ್ವಲ್ಪ ಸಂಕೋಚದಿಂದ. ಈ ಸಲ ಗೊಂಬೆಗಳನ್ನು ಆಗಸ್ಟಿನಲ್ಲಿಯೇ ಕಳಿಸಿಕೊಡಿ, ತಡಮಾಡಬೇಡಿ ಎಂದೂ ಸೇರಿಸಿದರು.